ಮೂರನೆಯ ಅರ್ಜಿ

ಮೂರನೆಯ ಸಲ ಅರ್ಜಿ ಹಾಕುವಾಗ ನಾನು ಯಾರಿಗೂ ಹೇಳಲಿಲ್ಲ. ಅಮ್ಮನಿಗೂ ಇಲ್ಲ, ಅಪ್ಪನಿಗೂ ಇಲ್ಲ. ಹೇಳಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ. ಹಿಂದಿನ ಎರಡು ಸಲದ ಹಾಗೆ ಮತ್ತೆ ನನ್ನ ಜೊತೆ ಕಾಯತೊಡಗುತ್ತಿದ್ದರು. ಅದನ್ನು ನೋಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ನಮ್ಮ ಊರು ಉಡುಪಿಯ ಕಡೆ. ಆದರೆ ನಾನು ಹುಟ್ಟಿದ್ದು, ಶಾಲೆ ಕಲಿತದ್ದು ಅಬುಧಾಬಿಯಲ್ಲಿ. ಅಪ್ಪ ಒಂದು ಕಂಪೆನಿಯ ಸ್ಟೋರಿನಲ್ಲಿ ಇನ್‌ಚಾರ್ಜ್. ಮನೆ ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡವೊಂದರ ಏಳನೆಯ ಮಹಡಿಯಲ್ಲಿ. ಹನ್ನೆರಡನೆಯ ತರಗತಿ ಮುಗಿದಾಗ ಊರಿನ ಹತ್ತಿರವೇ ಎಂಬಿಬಿಎಸ್ ಸೀಟು ಸಿಗುವುದಿತ್ತು. ಬೇಡವೆಂದವಳು ನಾನೇ. ಅಮೆರಿಕದಲ್ಲಿ ನಾಲ್ಕು ವರ್ಷ ಜೀವಶಾಸ್ತ್ರ ಓದುತ್ತೇನೆ, ಆಮೇಲೆ ಅಲ್ಲಿಯೇ ಮೆಡಿಕಲ್ ಸೇರುತ್ತೇನೆ ಎಂದು ಹಟ ಹಿಡಿದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಪಾಸ್‌ಪೋರ್ಟಿನ ಕಾಪಿ ತೆಗೆಸಿಕೊಂಡು ಬಂದರು.

ಡಿಗ್ರಿ ಸಿಕ್ಕಿತು, ಮೆಡಿಕಲ್ ಸಿಗಲಿಲ್ಲ. ವಿದೇಶಿ ಪಾಸ್‌ಪೋರ್ಟಿನವರನ್ನು ತೆಗೆದುಕೊಳ್ಳುವ ಕಾಲೇಜುಗಳೇ ಕಡಿಮೆ. ಅಂಥವುಗಳಲ್ಲಿ ನನ್ನ ಅಂಕಗಳು ಎದ್ದು ಕಾಣುವಂಥವಾಗಿರಲಿಲ್ಲ. ಕೊನೆಯ ವರ್ಷ ಅಲ್ಲಿಂದಲೇ ಹಾಕಿದ ಅರ್ಜಿಗಳೆಲ್ಲ ವಾಪಸು ಬಂದವು. ವೀಸಾ ಮುಗಿದು ಅಬುಧಾಬಿಗೆ ಮರಳಿದೆ. ಇಲ್ಲಿಂದ ಇನ್ನೊಂದು ವರ್ಷ ಹಾಕಿದೆ. ಅವೂ ಹಾಗೆಯೇ ಆದವು.

ಅಮೆರಿಕದ ಆಫೀಸುಗಳು ಬಾಗಿಲು ತೆರೆಯುವಾಗ ನಮಗೆ ಸಂಜೆ. ಹಾಗಾಗಿ ಕೆಟ್ಟ ಸುದ್ದಿ ಯಾವಾಗಲೂ ಸಂಜೆಯೇ ಬರುತ್ತಿತ್ತು. ಕೆಳಗಿನ ಮಸೀದಿಯಿಂದ ಸೂರ್ಯಾಸ್ತದ ಮಗ್ರಿಬ್‌ನ ಬಾಂಗ್ ಕೇಳುವ ಹೊತ್ತಿಗೆ ನಾನು ಹಾಲಿನ ಸೋಫಾದಲ್ಲಿ ಫೋನ್ ಹಿಡಿದು ಕುಳಿತಿರುತ್ತಿದ್ದೆ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದನ್ನೂ ಮಾಡದೆ ಕೆಲಸ ಮಾಡುತ್ತಿದ್ದಳು. ಅಪ್ಪ ಟಿವಿಯ ಧ್ವನಿ ತಗ್ಗಿಸಿ, ನನ್ನ ಕಡೆ ನೋಡದ ಹಾಗೆ ನೋಡುತ್ತಿದ್ದರು. ಇಮೇಲ್ ಓದಿ ಫೋನನ್ನು ಮಗುಚಿ ಇಟ್ಟರೆ ಸಾಕು, ಇಬ್ಬರಿಗೂ ಅರ್ಥವಾಗುತ್ತಿತ್ತು. "ಊಟ ಬಡಿಸ್ತೇನೆ, ಬನ್ನಿ" ಎನ್ನುತ್ತಿದ್ದಳು ಅಮ್ಮ. ಆ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನಾನು ಒಂದು ಖಾಸಗಿ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಡೆಸ್ಕಿನ ಕೆಲಸಕ್ಕೆ ಸೇರಿದೆ. ಡಾಕ್ಟರು ಸ್ಕ್ಯಾನ್ ಬರೆದರೆ ಅದಕ್ಕೆ ಕಂಪೆನಿಯಿಂದ ಒಪ್ಪಿಗೆ ತರಿಸುವುದು ನನ್ನ ಕೆಲಸ. ಕಿಟಕಿ ಇಲ್ಲದ ಕೋಣೆ. ಪಕ್ಕದ ಮೇಜಿನವರು ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನ್ನ ಜೊತೆ ಶಾಲೆ ಕಲಿತವರಲ್ಲಿ ಮೂವರು ಊರಿಗೆ ಹೋಗಿ ಎಂಬಿಬಿಎಸ್ ಮಾಡಿ, ಆ ಹೊತ್ತಿಗೆ ಹೌಸ್ ಸರ್ಜನ್‌ಗಳಾಗಿದ್ದರು. ಬಿಳಿ ಕೋಟಿನ ಫೋಟೋ ಹಾಕುತ್ತಿದ್ದರು. ನಾನು ಲೈಕ್ ಒತ್ತುತ್ತಿದ್ದೆ. ಒಂದು ದಿನ ಅದನ್ನೂ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಎಂದು ಯಾರೂ ಕೇಳಲಿಲ್ಲ.

ಊರಿನವರು ಸೇರುವ ಶುಕ್ರವಾರದ ಕೂಟಗಳಿಗೂ ಹೋಗುವುದನ್ನು ಬಿಟ್ಟೆ. ಕೊನೆಯ ಸಲ ಹೋದಾಗ, ಚಿಕ್ಕಂದಿನಿಂದ ನನ್ನನ್ನು ಕಂಡಿದ್ದ ಒಬ್ಬ ಆಂಟಿ ಪ್ಲೇಟು ಹಿಡಿದುಕೊಂಡೇ ಕೇಳಿದ್ದರು, "ಎಂತ ಮಗಾ, ನಿಂದು ಡಾಕ್ಟರ್ ಆಯ್ತಾ?" ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಅವಳು ಆನ್‌ಲೈನಲ್ಲಿ ಮುಂದೆ ಓದ್ತಾ ಇದ್ದಾಳೆ" ಎಂದುಬಿಟ್ಟಳು. ಅಮ್ಮ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆಸ್ಟಿಯೋಪಥಿಕ್ ಕಾಲೇಜುಗಳ ಬಗ್ಗೆ ನಾನು ಮೊದಲೇ ಕೇಳಿದ್ದೆ, ಕಡೆಗಣಿಸಿದ್ದೆ. ಅಮೆರಿಕದಲ್ಲಿ ಡಾಕ್ಟರಾಗಲು ಎರಡು ದಾರಿಗಳಿವೆ. ಒಂದು ಎಲ್ಲರಿಗೂ ಗೊತ್ತಿರುವ ಎಂ.ಡಿ., ನಮ್ಮ ಎಂಬಿಬಿಎಸ್ಸಿನ ಹಾಗೆ. ಇನ್ನೊಂದು ಆಸ್ಟಿಯೋಪಥಿಕ್ ಕಾಲೇಜುಗಳ ಡಿ.ಒ. ಇಬ್ಬರೂ ಔಷಧ ಬರೆಯುತ್ತಾರೆ, ಇಬ್ಬರೂ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಡಿ.ಒ. ಓದುವವರು ಹೆಚ್ಚಿಗೆ ಕೈಯಿಂದ ಮುಟ್ಟಿ ಸ್ನಾಯು, ಮೂಳೆಗಳನ್ನು ಪರೀಕ್ಷಿಸುವುದನ್ನೂ ಸರಿಪಡಿಸುವುದನ್ನೂ ಕಲಿಯುತ್ತಾರೆ. ಕಾಲೇಜಿನಲ್ಲಿದ್ದಾಗ ನಾವು ಗೆಳತಿಯರು ಅದನ್ನು ಎಂ.ಡಿ. ಸಿಗದವರ ದಾರಿ ಎಂದು ನಗೆಯಾಡುತ್ತಿದ್ದೆವು. ಈಗ ನಾನು ಎಂ.ಡಿ. ಸಿಗದವಳು.

ಎಂಟ್ರೆನ್ಸ್ ಪರೀಕ್ಷೆಯನ್ನು ದುಬೈಗೆ ಹೋಗಿ ಮತ್ತೊಮ್ಮೆ ಬರೆದೆ. ಆಫೀಸಿನ ಟ್ರೇನಿಂಗ್ ಎಂದು ಮನೆಯಲ್ಲಿ ಹೇಳಿ ಹೋಗಿದ್ದೆ. ಸಂಜೆ ಹೊತ್ತು ಬಾಲ್ಕನಿಯಲ್ಲಿ ಬಟ್ಟೆಗಳ ನಡುವೆ ನಿಂತು ಒಂದೊಂದೇ ಕಾಲೇಜಿಗೆ ಫೋನ್ ಮಾಡಿ, ವಿದೇಶಿಯರನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಹೆಚ್ಚಿನವರು ಇಲ್ಲವೆಂದರು. ಕೆಲವರು ಹೌದೆಂದರು, ಆದರೆ ಒಬ್ಬ ಡಿ.ಒ. ಡಾಕ್ಟರ ಶಿಫಾರಸು ಪತ್ರ ಬೇಕೆಂದರು. ಅಂಥ ಡಾಕ್ಟರನ್ನು ನಾನು ಈ ದೇಶದಲ್ಲಿ ಎಲ್ಲಿಂದ ತರಲಿ? ವಾರಗಟ್ಟಲೆ ಹುಡುಕಿದ ಮೇಲೆ ದುಬೈಯ ಜುಮೇರಾದಲ್ಲಿ ಒಬ್ಬರ ಹೆಸರು ಸಿಕ್ಕಿತು. ಎರಡು ಇಮೇಲ್ ಬರೆದೆ. ಉತ್ತರ ಬರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಕ್ಲಿನಿಕ್ಕು ಒಂದು ಹಳೆಯ ವಿಲ್ಲಾದಲ್ಲಿತ್ತು. ಡಾಕ್ಟರು ಅಮೆರಿಕದ ಹೆಂಗಸು, ಅರವತ್ತು ದಾಟಿದವರು, ಬಿಳಿ ಜಡೆ. ಪೇಷೆಂಟುಗಳೆಲ್ಲ ಹೋದ ಮೇಲೆ ನನ್ನನ್ನು ಒಳಗೆ ಕರೆದರು. ಇಂಗ್ಲಿಷಿನಲ್ಲಿ ನಡೆದ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

"ನಿನ್ನ ಇಮೇಲ್ ನೋಡಿದೆ. ಪತ್ರ ಬೇಕು ಅಂತ ಬರೆದಿದ್ದೀ. ಪರಿಚಯವೇ ಇಲ್ಲದವಳಿಗೆ ನಾನು ಏನು ಬರೆಯಲಿ?"

"ಪರಿಚಯ ಮಾಡಿಕೊಳ್ಳಲಿಕ್ಕೇ ಬಂದೆ" ಎಂದೆ.

"ಎಷ್ಟು ಸಲ ಫೇಲಾಗಿದ್ದೀ?"

"ಎರಡು ಸಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದಿನ ಶನಿವಾರ ಎಂಟು ಗಂಟೆಗೆ ಬಾ. ನೋಡಬಹುದು, ಪೇಷೆಂಟನ್ನು ಮುಟ್ಟುವ ಹಾಗಿಲ್ಲ."

ಹೀಗೆ ನನ್ನ ಶನಿವಾರಗಳು ಶುರುವಾದವು. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು, ಬಸ್ಸಿನ ಮುಂದಿನ ಹೆಂಗಸರ ಸೀಟಿನಲ್ಲಿ ಕುಳಿತು ದುಬೈಯ ಅಲ್ ಗುಬೈಬಾ ಬಸ್ ಸ್ಟ್ಯಾಂಡಿನವರೆಗೆ ಎರಡು ತಾಸು. ಅಲ್ಲಿಂದ ಇನ್ನೊಂದು ಬಸ್ಸು. ಅಮ್ಮನಿಗೆ ಓವರ್‌ಟೈಮ್ ಎಂದು ಹೇಳಿದ್ದೆ. ಬಸ್ಸಿನಲ್ಲಿ ಹೆಚ್ಚಾಗಿ ವಾರದ ರಜೆಯಲ್ಲಿ ಗೆಳತಿಯರನ್ನು ನೋಡಲು ಹೊರಟ ಮನೆಕೆಲಸದ ಹೆಂಗಸರಿರುತ್ತಿದ್ದರು. ಅವರು ಗುಂಪಿನಲ್ಲಿ ನಗುತ್ತ ಬಿಸ್ಕತ್ತು ಹಂಚಿಕೊಳ್ಳುತ್ತಿದ್ದರು. ನನಗೂ ಒಂದೊಂದು ಸಲ ಚಾಚುತ್ತಿದ್ದರು. ಇಡೀ ವಾರದಲ್ಲಿ ಕೆಲಸದ ಕಾರಣವಿಲ್ಲದೆ ಯಾರಾದರೂ ನನ್ನ ಕಡೆ ಕೈ ಚಾಚಿದ್ದು ಅದೊಂದೇ.

ಕೋಣೆಯ ಮೂಲೆಯ ಸ್ಟೂಲಿನಲ್ಲಿ ಕುಳಿತು ನಾನು ಡಾಕ್ಟರ ಕೈಗಳನ್ನೇ ನೋಡುತ್ತಿದ್ದೆ. ಅವರು ಬೆನ್ನಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಸುಮ್ಮನಿರುತ್ತಿದ್ದರು. ಒಮ್ಮೆ ಹಳೆಯ ಟೆಲಿಫೋನ್ ಡೈರೆಕ್ಟರಿ ತೆಗೆದು, ತಮ್ಮ ಜಡೆಯಿಂದ ಒಂದು ಕೂದಲು ಕಿತ್ತು ಹಾಳೆಯ ಕೆಳಗಿಟ್ಟು, "ಕಣ್ಣು ಮುಚ್ಚಿ, ಬೆರಳಿನಿಂದ ಸವರಿ, ಎಲ್ಲಿದೆ ಹುಡುಕು" ಎಂದರು. ಹುಡುಕಿದೆ. ಎರಡು ಹಾಳೆಯ ಕೆಳಗಿಟ್ಟಾಗಲೂ, ಮೂರು ಹಾಳೆಯ ಕೆಳಗಿಟ್ಟಾಗಲೂ ಸಿಕ್ಕಿತು. ನಾಲ್ಕನೆಯದರಲ್ಲಿ ಸೋತೆ. ಮನೆಗೆ ಬಂದು ಅಮ್ಮನ ಬಾಚಣಿಗೆಯಿಂದ ಕೂದಲು ತೆಗೆದು ಅದನ್ನೇ ಅಭ್ಯಾಸ ಮಾಡುತ್ತಿದ್ದೆ. ಒಂದು ಸಂಜೆ ಅಮ್ಮ ಹಾಲಿಗೆ ಬಂದವಳು ಹಾಗೇ ನಿಂತಳು.

"ಎಂತ ಮಾಡ್ತಾ ಇದ್ದಿ ನೀನು, ಕಣ್ಣು ಮುಚ್ಚಿ ಪುಸ್ತಕ ಸವರಿಕೊಂಡು?"

ನಾನು ಹೇಳಿಬಿಟ್ಟೆ. ಶನಿವಾರಗಳು, ಜುಮೇರಾ, ಮೂರನೆಯ ಅರ್ಜಿ, ಎಲ್ಲವನ್ನೂ. ಅಮ್ಮ ಸೋಫಾದ ತುದಿಯಲ್ಲಿ ಕುಳಿತಳು.

"ಈ ಆಸ್ಟಿಯೋಪಥಿ ಅಂದ್ರೆ ನಮ್ಮ ಹೋಮಿಯೋಪಥಿ ಹಾಗೆಯಾ?"

"ಅಲ್ಲಮ್ಮ. ಇದು ಪೂರ್ತಿ ಡಾಕ್ಟರೇ."

"ಮತ್ತೆ ಬೇರೆ ಹೆಸರು ಎಂತಕ್ಕೆ?"

ಅಂದು ರಾತ್ರಿ ಅಮ್ಮ ಅಪ್ಪನಿಗೆ ಹೇಳಿರಬೇಕು. ಮುಂದಿನ ಶನಿವಾರ ನಾನು ಬಾಗಿಲು ತೆರೆಯುವಾಗ ಅಪ್ಪ ಶರ್ಟು ಇನ್‌ಸರ್ಟ್ ಮಾಡಿಕೊಂಡು ಕಾರಿನ ಕೀ ಹಿಡಿದು ನಿಂತಿದ್ದರು. "ಬಸ್ಸು ಬೇಡ ಇವತ್ತು" ಎಂದಷ್ಟೇ ಅಂದರು.

ಕ್ಲಿನಿಕ್ಕಿನಲ್ಲಿ ಮೂರು ತಾಸು ಅವರು ಹೊರಗಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ರಿಸೆಪ್ಷನ್ನಿನವಳು ಪೇಷೆಂಟೆಂದು ತಿಳಿದು ಫಾರ್ಮು ಕೊಟ್ಟಳಂತೆ. ಕೆಲಸ ಮುಗಿಸಿ ಡಾಕ್ಟರು ಹೊರಗೆ ಬಂದಾಗ ಅಪ್ಪ ಎದ್ದು ನಿಂತು, ಆಫೀಸಿನಲ್ಲಿ ದೊಡ್ಡವರ ಹತ್ತಿರ ಆಡುವ ಇಂಗ್ಲಿಷಿನಲ್ಲಿ ಕೇಳಿದರು. ನಾನು ಅವರ ಹಿಂದೆಯೇ ಇದ್ದೆ.

"ಮೇಡಂ, ದಯವಿಟ್ಟು ನಿಜ ಹೇಳಿ. ಇದನ್ನು ಓದಿದರೆ ಇವಳು ನಿಜವಾದ ಡಾಕ್ಟರ್ ಆಗ್ತಾಳಾ?"

ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಡಾಕ್ಟರಿಗೆ ಸಿಟ್ಟು ಬರಲಿಲ್ಲ.

"ಈ ಪ್ರಶ್ನೆಯನ್ನು ನನಗೆ ಮೂವತ್ತೈದು ವರ್ಷದಿಂದ ಕೇಳ್ತಿದ್ದಾರೆ" ಎಂದರು. "ನಮ್ಮಪ್ಪನೇ ಮೊದಲು ಕೇಳಿದ್ದು. ನಿಜವಾದ ಡಾಕ್ಟರೇ. ಆದರೆ ಇವಳಿಗೆ ಸೀಟು ಸಿಗ್ತದಾ, ನನಗೆ ಗೊತ್ತಿಲ್ಲ. ಇವಳು ಬರೆದದ್ದನ್ನು ನಿನ್ನೆ ಓದಿದೆ. ಅದು ಚೆನ್ನಾಗಿಲ್ಲ."

ಅರ್ಜಿಯ ಜೊತೆ ಒಂದು ಪುಟದ ಬರಹ ಕಳಿಸಬೇಕಿತ್ತು, ನೀವು ಯಾಕೆ ಡಾಕ್ಟರಾಗಬೇಕು ಎಂಬುದಕ್ಕೆ. ಹಿಂದಿನ ವಾರ ಅದನ್ನು ಅವರಿಗೆ ಕೊಟ್ಟಿದ್ದೆ. ಅವರು ಒಳಗೆ ಹೋಗಿ ಆ ಹಾಳೆ ತಂದು ನನ್ನ ಕೈಗಿತ್ತರು. ಒಂದೇ ಒಂದು ವಾಕ್ಯದ ಕೆಳಗೆ ಪೆನ್ಸಿಲಿನ ಗೀಟಿತ್ತು: 'ಬಾಲ್ಯದಿಂದಲೂ ನನಗೆ ದೇಹವನ್ನು ಇಡಿಯಾಗಿ ನೋಡುವ ವೈದ್ಯಪದ್ಧತಿಯಲ್ಲಿ ನಂಬಿಕೆಯಿತ್ತು.'

"ಇತ್ತಾ?" ಎಂದು ಕೇಳಿದರು.

"ಇಲ್ಲ" ಎಂದೆ, ಅಪ್ಪನ ಎದುರಿಗೇ.

"ಹಾಗಾದರೆ ಇದ್ದದ್ದನ್ನು ಬರೆದುಕೊಂಡು ಬಾ. ಆಮೇಲೆ ನನ್ನ ಪತ್ರ."

ವಾಪಸು ಬರುವಾಗ ಅಪ್ಪ ಅರ್ಧ ದಾರಿಯ ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿ ಎರಡು ಕಡಕ್ ಚಹಾ ತಂದರು. ಬಾನೆಟ್ಟಿಗೆ ಒರಗಿ ಕುಡಿದೆವು. ಎದುರಿನ ರಸ್ತೆಯಲ್ಲಿ ವಾಹನಗಳು ಬಿಡುವಿಲ್ಲದೆ ಹೋಗುತ್ತಿದ್ದವು.

"ಆ ಹೆಂಗಸು ಸಮಾ ಉಂಟು" ಎಂದರು ಅಪ್ಪ, ಕೊನೆಗೆ. "ಸುಳ್ಳು ಹೇಳುವುದಿಲ್ಲ. ಅದು ಹೇಳಿದ ಹಾಗೆ ಮಾಡು."

ಇದ್ದದ್ದನ್ನು ಬರೆಯುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಇಂಗ್ಲಿಷಿನಲ್ಲಿ ಕುಳಿತರೆ ಕೈ ತಾನಾಗಿ ಒಳ್ಳೊಳ್ಳೆಯ ವಾಕ್ಯಗಳನ್ನು ಹೆಣೆಯುತ್ತಿತ್ತು. ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದೆ. ಕನ್ನಡ ಅಕ್ಷರ ನನಗೆ ಕಲಿಸಿದವಳು ಅಮ್ಮ, ಸ್ಲೇಟಿನ ಮೇಲೆ, ಶಾಲೆಯ ಅರೇಬಿಕ್ ಹೋಮ್‌ವರ್ಕ್ ಮುಗಿದ ಮೇಲೆ. ಒತ್ತಕ್ಷರ ತಪ್ಪುತ್ತಿದ್ದವು. ಆದರೆ ದೊಡ್ಡ ಮಾತುಗಳು ಆ ಭಾಷೆಯಲ್ಲಿ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದಷ್ಟರಲ್ಲಿ ಬರೆದೆ: ಎರಡು ಸಲ ನನ್ನನ್ನು ಬೇಡವೆಂದರು. ನಾನು ಈ ಕಾಲೇಜುಗಳನ್ನು ಕಡಿಮೆಯೆಂದು ತಿಳಿದಿದ್ದೆ. ಈಗ ಶನಿವಾರಗಳಂದು ಒಬ್ಬ ಡಾಕ್ಟರು ರೋಗಿಯ ಬೆನ್ನ ಮೇಲೆ ಕೈಯಿಟ್ಟು ಅವರ ಮಾತು ಮುಗಿಯುವವರೆಗೆ ಕಾಯುವುದನ್ನು ನೋಡುತ್ತಿದ್ದೇನೆ. ನನ್ನ ಆಫೀಸಿನಲ್ಲಿ ರೋಗಿಯೆಂದರೆ ಒಂದು ನಂಬರು. ನನಗೆ ಆ ಕೋಣೆಯಲ್ಲಿರಬೇಕು ಅನಿಸುತ್ತದೆ. ಇಷ್ಟನ್ನೇ ಆಮೇಲೆ ಇಂಗ್ಲಿಷಿಗೆ ತಂದೆ. ಡಾಕ್ಟರು ಓದಿ ಡ್ರಾಯರಿನಲ್ಲಿಟ್ಟುಕೊಂಡರು. ಹತ್ತು ದಿನದೊಳಗೆ ಅವರ ಪತ್ರ ಹೋಗಿತ್ತು.

ಒಂದೇ ಒಂದು ಕಾಲೇಜು ಇಂಟರ್‌ವ್ಯೂಗೆ ಕರೆಯಿತು. ಚಳಿಗಾಲದಲ್ಲಿ, ಅಮೆರಿಕದ ನಡುಭಾಗದ ಒಂದು ಸಣ್ಣ ಊರಿಗೆ. ಬಂದವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ರಾಜ್ಯದವರು. ಕೆಲವರನ್ನು ತಂದೆತಾಯಿ ಕಾರಿನಲ್ಲಿ ಕರೆತಂದಿದ್ದರು. ಮಧ್ಯಾಹ್ನದ ಊಟಕ್ಕೆ ಒಂದೇ ಮೇಜಿನಲ್ಲಿ ಕುಳಿತಾಗ, ಎಲ್ಲಿಂದ ಬಂದೆ ಎಂದು ಒಬ್ಬಳು ಕೇಳಿದಳು. ಅಬುಧಾಬಿ ಎಂದೆ. "ಓ, ಹಾಗಾದರೆ ನೀನು ಅರಬ್ಬಳಾ?" "ಅಲ್ಲ, ಇಂಡಿಯನ್." "ಇಂಡಿಯಾದಲ್ಲಿ ಎಲ್ಲಿ ಮನೆ?" ಇಂಡಿಯಾದಲ್ಲಿ ನಾನು ರಜೆಯ ಹೊರತು ಎಂದೂ ಇದ್ದವಳಲ್ಲ ಎಂದು ವಿವರಿಸುವಷ್ಟರಲ್ಲಿ ಅವಳು ಪಕ್ಕದವನ ಜೊತೆ ಫುಟ್‌ಬಾಲಿನ ಮಾತಿಗೆ ತಿರುಗಿದ್ದಳು.

ಇಂಟರ್‌ವ್ಯೂ ಮಾಡಿದವರು ಒಬ್ಬ ವಯಸ್ಸಾದ ಪ್ರೊಫೆಸರು. ನನ್ನ ಬರಹ ಅವರ ಮುಂದಿತ್ತು.

"ಎಂ.ಡಿ. ಕಾಲೇಜಿನವರು ಆ ಎರಡು ಸಲದಲ್ಲಿ ಒಮ್ಮೆ ನಿನ್ನನ್ನು ತೆಗೆದುಕೊಂಡಿದ್ದರೆ ಇವತ್ತು ಇಲ್ಲಿಗೆ ಬರುತ್ತಿದ್ದೆಯಾ?"

"ಇಲ್ಲ ಸರ್. ಬರ್ತಿರಲಿಲ್ಲ."

ಅವರು ತಲೆಯೆತ್ತಿ ನೋಡಿದರು. ಇನ್ನೇನಾದರೂ ಸೇರಿಸಬೇಕೆಂದು ನನ್ನ ನಾಲಿಗೆ ತುಡಿಯಿತು. ಸೇರಿಸಲಿಲ್ಲ. ಅವರು ಏನೋ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಹೋಟೆಲಿಗೆ ಬಂದು ಕಿಟಕಿಯಾಚೆ ಹಿಮ ಬೀಳುವುದನ್ನು ನೋಡುತ್ತ ಕುಳಿತಾಗ, ಎಲ್ಲ ಕೆಡಿಸಿಕೊಂಡೆ ಎಂದು ಖಾತ್ರಿಯಾಗಿತ್ತು. ಆದರೂ ಹಸಿವಾಯಿತು. ಬ್ರೆಡ್ಡು ತಿಂದು ಮಲಗಿದೆ.

ವಸಂತದಲ್ಲಿ ಉತ್ತರ ಬಂತು: ವೇಟಿಂಗ್ ಲಿಸ್ಟ್. ಹೌದೂ ಅಲ್ಲ, ಇಲ್ಲವೂ ಅಲ್ಲ. ಜೂನ್ ಬಂದರೂ ಪಟ್ಟಿ ಅಲ್ಲಾಡಲಿಲ್ಲ. ಚಿಕ್ಕಮ್ಮನ ಮಗಳ ಮದುವೆಗೆಂದು ಅಪ್ಪ ಅಮ್ಮ ಊರಿಗೆ ಹೋದರು. ನನಗೆ ರಜೆ ಸಿಗಲಿಲ್ಲ ಎಂದೆ. ನಿಜವೆಂದರೆ ನಾನು ಕೇಳಿಯೇ ಇರಲಿಲ್ಲ. ಮದುವೆಮನೆಯಲ್ಲಿ ಸಿಗುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು.

ಅದು ರಂಜಾನ್ ತಿಂಗಳು. ಹೊರಗೆ ಬೆಂಕಿಯಂಥ ಬಿಸಿಲು. ಅರ್ಧ ದಿನಕ್ಕೇ ಕೆಲಸ ಮುಗಿದು ನಾನು ಮನೆಗೆ ಬರುತ್ತಿದ್ದೆ. ಕಟ್ಟಡದ ಜನ ರಜೆಗೆ ಊರಿಗೆ ಹೋಗಿ ಹೆಚ್ಚಿನ ಮನೆಗಳಿಗೆ ಬೀಗ ಬಿದ್ದಿತ್ತು. ಲಿಫ್ಟಿನಲ್ಲಿ ದಿನಗಟ್ಟಲೆ ಯಾರೂ ಸಿಗುತ್ತಿರಲಿಲ್ಲ. ಎಸಿಯ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಒಬ್ಬಳಿಗೆ ಅನ್ನ ಮಾಡುವುದು ಬೇಡವೆನಿಸಿ ಮೊಸರು, ಅಂಗಡಿಯ ಖುಬೂಸ್ ರೊಟ್ಟಿ ತಿನ್ನುತ್ತಿದ್ದೆ. ವಾರದ ರಜೆಯ ದಿನ ಸಂಜೆ ಯಾರೊಡನೆಯೋ ಮಾತಾಡಿದಾಗ, ಇದು ಇವತ್ತಿನ ನನ್ನ ಮೊದಲ ಮಾತು ಎಂದು ನನ್ನ ಒಡೆದ ಸ್ವರದಿಂದ ತಿಳಿಯುತ್ತಿತ್ತು.

ಅಂಥ ಒಂದು ಸಂಜೆ ಫೋನ್ ರಿಂಗಾಯಿತು. ಅಮೆರಿಕದ ನಂಬರು. ಆ ಕಾಲೇಜಿನ ಆಫೀಸಿನ ಹೆಂಗಸು. ಒಬ್ಬರು ಸೀಟು ಬಿಟ್ಟಿದ್ದಾರೆ, ಆಗಸ್ಟಿನ ಮೊದಲ ವಾರ ತರಗತಿ ಶುರು, ನಿನಗೆ ಈಗಲೂ ಬೇಕಾ ಎಂದಳು. ಬೇಕು ಎಂದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ, "ಬೇಕು" ಎಂದೆ.

ಫೋನಿಟ್ಟು ಅಪ್ಪನಿಗೆ ಕರೆ ಮಾಡಿದೆ. ಎತ್ತಲಿಲ್ಲ. ಅಮ್ಮನಿಗೆ ಮಾಡಿದೆ. ಎತ್ತಲಿಲ್ಲ. ಅಲ್ಲಿ ಮದುವೆಯ ಹಿಂದಿನ ದಿನ, ಮನೆ ತುಂಬ ಜನ. ಡಾಕ್ಟರಿಗೆ ಮಾಡಿದೆ. ಬೇಸಿಗೆಗೆ ಕ್ಲಿನಿಕ್ ಮುಚ್ಚಿದೆ ಎಂಬ ರೆಕಾರ್ಡಿಂಗ್ ಕೇಳಿಸಿತು. ಇನ್ಯಾರು? ಫೋನಿನ ಹೆಸರುಗಳನ್ನು ಮೇಲಿನಿಂದ ಕೆಳಗೆ ಸರಿಸಿದೆ, ಕೆಳಗಿನಿಂದ ಮೇಲೆ ಸರಿಸಿದೆ. ಇಷ್ಟು ದೊಡ್ಡ ಸುದ್ದಿಯನ್ನು ಹೇಳಲು ಈ ಊರಿನಲ್ಲಿ ನನಗೆ ಒಬ್ಬರೂ ಇಲ್ಲ ಎಂಬುದು ಆಗ ಮೊದಲ ಬಾರಿ ಕಣ್ಣಿಗೆ ಕಟ್ಟಿದ ಹಾಗಾಯಿತು. ಚಪ್ಪಲಿ ಮೆಟ್ಟಿ ಕೆಳಗಿಳಿದೆ.

ಕಟ್ಟಡದ ಕೆಳಗೆ ಭಟ್ಕಳದ ಅಂಕಲ್ ಒಬ್ಬರ ದಿನಸಿ ಅಂಗಡಿಯಿತ್ತು. ನಾನು ಯೂನಿಫಾರ್ಮಿನಲ್ಲಿ ಹೋಗಿ ಚಾಕಲೇಟು ಕೊಳ್ಳುತ್ತಿದ್ದ ಕಾಲದಿಂದ ಅವರು ಅಲ್ಲಿದ್ದರು. ಮನೆಯಲ್ಲಿ ನವಾಯತಿ ಭಾಷೆ ಆಡುವವರು, ನಮ್ಮ ಜೊತೆ ಕನ್ನಡ. ನಾನು ಒಳಗೆ ಹೋದಾಗ ಅವರು ಕೌಂಟರಿನ ಮೇಲೆ ಪೇಪರು ಹಾಸಿ, ಖರ್ಜೂರ, ಹೆಚ್ಚಿದ ಕಲ್ಲಂಗಡಿ, ನೀರಿನ ಬಾಟಲಿ ಇಟ್ಟುಕೊಂಡು ಬಾಂಗ್‌ಗೆ ಕಾಯುತ್ತಿದ್ದರು.

"ಎಂತ ಬೇಕು ಮಗಳೇ? ಹಾಲಾ?"

"ಏನೂ ಬೇಡ ಅಂಕಲ್" ಎಂದೆ. "ನನಗೆ ಮೆಡಿಕಲ್ ಸೀಟು ಸಿಕ್ಕಿತು. ಅಮೆರಿಕದಲ್ಲಿ."

ಹೇಳುತ್ತಿದ್ದ ಹಾಗೆ ಅಳು ಬಂತು. ತಡೆಯಲಾಗಲಿಲ್ಲ. ಅವರು ಗಾಬರಿಯಿಂದ ಎದ್ದು ಸ್ಟೂಲು ಎಳೆದು ಕೊಟ್ಟರು.

"ಅಲ್ಲ, ಸೀಟು ಸಿಕ್ಕಿದ್ದಕ್ಕೆ ಅಳುವವರು ಉಂಟಾ? ಅಪ್ಪನಿಗೆ ಹೇಳಿದ್ಯಾ?"

"ಫೋನ್ ಎತ್ತುವುದಿಲ್ಲ."

"ಎತ್ತುತ್ತಾರೆ, ಎತ್ತುತ್ತಾರೆ. ನೀನು ಮಧ್ಯಾಹ್ನ ಊಟ ಮಾಡಿದ್ದೀಯಾ?"

ಇಲ್ಲವೆಂದು ತಲೆಯಾಡಿಸಿದೆ. ಅಷ್ಟರಲ್ಲಿ ಬಾಂಗ್ ಕೇಳಿತು. ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಒಂದು ಖರ್ಜೂರ ತಾವು ತೆಗೆದುಕೊಂಡು ತಟ್ಟೆಯನ್ನು ನನ್ನ ಕಡೆ ಸರಿಸಿದರು. ಇಬ್ಬರೂ ತಿಂದೆವು. ಅವರು ಕಲ್ಲಂಗಡಿಯ ಬೀಜಗಳನ್ನು ಪೇಪರಿನ ಮೂಲೆಗೆ ಹಾಕುತ್ತಿದ್ದರು. ನಮಾಜಿಗೆ ಏಳುವ ಮೊದಲು, "ನಿಮ್ಮ ಮನೆಯವರ ಜಾಗದಲ್ಲಿ ಇವತ್ತು ನಾನು ಇದ್ದೇನೆ ಅಂತ ತಿಳ್ಕೊ. ಭಾರಿ ಸಂತೋಷ ಆಯ್ತು ನನಗೆ" ಎಂದರು.

ಅಪ್ಪನ ಕರೆ ಬಂದದ್ದು ಒಂದು ತಾಸಿನ ಮೇಲೆ. ಹಿಂದೆ ಮೈಕಿನ ಹಾಡು, ಮಕ್ಕಳ ಕೂಗು. ನಾನು ಸುದ್ದಿ ಹೇಳಿದೆ. "ಅಮ್ಮನಿಗೆ ಕೊಡ್ತೇನೆ" ಎಂದರು, ಒದ್ದೆಯಾದ ದನಿಯಲ್ಲಿ. ಅಮ್ಮ ಫೋನು ತೆಗೆದುಕೊಂಡು ಕೇಳಿದ ಮೊದಲ ಮಾತು, "ಅಲ್ಲಿ ಈಗ ನಿನ್ನ ಜೊತೆ ಯಾರಿದ್ದಾರೆ ಮಗಾ?"

ಆಗಸ್ಟಿನಲ್ಲಿ ಹೊರಟೆ. ಓದು ಕಷ್ಟವಾಗಿತ್ತು. ಒಂಟಿತನ ಅಲ್ಲಿಯೂ ಇತ್ತು, ಬೇರೆ ಬಗೆಯದು. ಪುಸ್ತಕಗಳ ನಡುವೆ ಅದಕ್ಕೆ ಹೆಚ್ಚು ಜಾಗ ಸಿಗುತ್ತಿರಲಿಲ್ಲ. ಜುಮೇರಾದ ಡಾಕ್ಟರಿಗೆ ಬರೆದ ಇಮೇಲಿಗೆ ಅಕ್ಟೋಬರಿನಲ್ಲಿ ಒಂದು ಸಾಲಿನ ಉತ್ತರ ಬಂತು: 'ಒಳ್ಳೆಯದು. ಇನ್ನು ಮೇಲೆ ಪೇಷೆಂಟನ್ನು ಮುಟ್ಟಬಹುದು.'

ಆರು ತಿಂಗಳು ದೇಶದ ಹೊರಗಿದ್ದರೆ ಅಬುಧಾಬಿಯ ರೆಸಿಡೆನ್ಸ್ ವೀಸಾ ನಿಲ್ಲುತ್ತದೆ. ನನಗದು ಗೊತ್ತಿತ್ತು. ಆದರೂ ಚಳಿಗಾಲ ಮುಗಿಯುವ ಹೊತ್ತಿಗೆ ಅಪ್ಪ ಫೋನ್ ಮಾಡಿದಾಗ ಅದು ನನ್ನ ನೆನಪಿನಲ್ಲಿರಲಿಲ್ಲ.

"ಇವತ್ತು ಎಲೆಕ್ಟ್ರಾ ಸ್ಟ್ರೀಟಿನ ಟೈಪಿಂಗ್ ಸೆಂಟರಿಗೆ ಹೋಗಿದ್ದೆ" ಎಂದರು. "ನಿನ್ನ ವೀಸಾ ಕ್ಯಾನ್ಸಲ್ ಮಾಡುವ ಅರ್ಜಿ ಟೈಪ್ ಮಾಡಿಸ್ಲಿಕ್ಕೆ. ಖಲಾಸ್, ಆಯ್ತು."

ನಾನು ಲೈಬ್ರರಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಹುಟ್ಟಿದ ಊರಿಗೆ ಇನ್ನು ಹೋಗಬೇಕಾದರೆ ವಿಸಿಟ್ ವೀಸಾ ಬೇಕು.

"ಆ ಟೈಪಿಂಗಿನವನು ಕೇಳಿದ, ಮಗಳು ಮದುವೆಯಾಗಿ ಹೋದದ್ದಾ ಅಂತ" ಎಂದು ಅಪ್ಪ ಮುಂದುವರಿಸಿದರು. "ಅಲ್ಲ ಮಾರಾಯ, ಡಾಕ್ಟರ್ ಓದ್ಲಿಕ್ಕೆ ಹೋದದ್ದು ಅಂದೆ. ಎಂಥ ಡಾಕ್ಟರ್ ಅಂತ ಕೇಳಿದ. ಪೂರ್ತಿ ವಿವರಿಸಿದೆ ಅವನಿಗೆ. ಹಿಂದೆ ಲೈನು ಇತ್ತು, ಇರ್ಲಿ ಅಂತ."